ಅಟ್ಟದ ಕೆಳಗೆ ಕಲಿತ ಯೋಗ

ಅರಸೀಕೆರೆಯಲ್ಲಿ ಮೊದಲ ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ನನ್ನ ಮುಖದ ನೇರಕ್ಕೆ ಸಾವಿರಾರು ತೆಂಗಿನಕಾಯಿಗಳಿದ್ದವು. ಹಿಂದಿನ ದಿನ ಕತ್ತಲಾದ ಮೇಲೆ ಬಂದವಳು ತಲೆ ಎತ್ತಿ ನೋಡಿರಲಿಲ್ಲ. ಕೋಣೆಯ ಮೇಲೆ ಬಿದಿರು ಗಳುಗಳ ಅಟ್ಟ. ಗಳುಗಳ ಸಂದಿಯಲ್ಲಿ ಕಾಯಿಗಳ ಕಂದು ಸಿಪ್ಪೆ. ಒಂದು ಜಾರಿದರೆ ನನ್ನ ನೌಕರಿ ಸೇರುವ ಮುಂಚೆಯೇ ಮುಗಿಯುತ್ತದೆ ಅಂದುಕೊಂಡು ಹಾಸಿಗೆಯನ್ನು ಗೋಡೆಯ ಕಡೆ ಎಳೆದುಕೊಂಡೆ. ಅಲ್ಲಿಯೂ ಮೇಲೆ ಕಾಯಿಗಳೇ ಇದ್ದವು.

ಮನೆಯ ಯಜಮಾನಿ ರುದ್ರಮ್ಮ ಕಾಫಿ ಹಿಡಿದುಕೊಂಡು ಬಂದವರು ನನ್ನ ಅವಸ್ಥೆ ನೋಡಿ ನಕ್ಕರು. "ಬೀಳಲ್ಲ ಕಣವ್ವ, ಹೆದ್ರಬ್ಯಾಡ. ಹೋದ್ವಾರ ತಾನೇ ಏರ್ಸಿದ್ದು. ಇನ್ನು ಹನ್ನೊಂದು ತಿಂಗ್ಳು ಅವನ್ನ ಯಾರೂ ಮುಟ್ಟಲ್ಲ."

ಇದನ್ನು ಓದುವ ನಿಮಗೆ, ಬಿಜಾಪುರ ಜಿಲ್ಲೆಯ ನಮ್ಮ ಸಿಂದಗಿ ಕಡೆಯವರಿಗೆ, ಸ್ವಲ್ಪ ಬಿಡಿಸಿ ಹೇಳಬೇಕು. ನಮಗೆ ಕೊಬ್ಬರಿ ಅಂದರೆ ಅಂಗಡಿಯಲ್ಲಿ ತೂಗಿ ಕೊಡುವ ಗಿಟುಕು. ಅದು ಎಲ್ಲಿ ಹುಟ್ಟುತ್ತದೆ ಎಂದು ನಾನಂತೂ ಯೋಚಿಸಿದವಳಲ್ಲ. ಇಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಉರುಳಾಡಿದರೆ ಇಳಿಸುವ ಕಾಲ ಬಂತು ಎಂದು ಲೆಕ್ಕ. ಅವಸರಪಟ್ಟು ಒಡೆದರೆ ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಯಾವ ವ್ಯಾಪಾರಿಯೂ ಕೊಳ್ಳುವುದಿಲ್ಲ. ಈ ಊರಿನ ಮಕ್ಕಳಿಗೂ ಈ ವಿಷಯ ಗೊತ್ತು.

ನಾನು ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಸರ್ಕಾರಿ ನೌಕರಿಯಲ್ಲಿದ್ದ ಅಪ್ಪ ತೀರಿಕೊಂಡರು, ಅನುಕಂಪದ ಮೇಲೆ ನನಗೆ ಬೆರಳಚ್ಚುಗಾರ್ತಿಯ ಕೆಲಸ ಸಿಕ್ಕಿತು. ನಕ್ಷೆಯಲ್ಲಿ ಹುಡುಕಿ ನೋಡಿದ ಮೇಲೇ ಅರಸೀಕೆರೆ ಎಲ್ಲಿದೆ ಎಂದು ತಿಳಿದದ್ದು. ಮನೆ ಹುಡುಕುತ್ತಾ ಮೂರು ಕಡೆ ಅಲೆದೆ. ಒಂಟಿ ಹೆಣ್ಣು ಎಂದರು, ಇನ್ನೂ ಏನೇನೋ ಕೇಳಿದರು. ನಾಲ್ಕನೆಯದು ರುದ್ರಮ್ಮನವರ ಮನೆ. ಅವರು ನನ್ನ ಹೆಸರು ಕೇಳಲಿಲ್ಲ. ಕೊರಳಿನಲ್ಲಿದ್ದ ಲಿಂಗದ ಕರಡಿಗೆಯನ್ನು ನೋಡಿದವರೇ, "ನಮ್ಮೋರೇ ಅಲ್ವೇನವ್ವ, ಒಳಗೆ ಬಾ" ಅಂದರು. ಊರು, ಹೆಸರು, ಸಂಬಳ ಎಲ್ಲ ಆಮೇಲೆ. ಎಂಥ ಒಳ್ಳೆಯ ಜನ ಎಂದು ಅವ್ವನಿಗೆ ಆ ದಿನವೇ ಕಾಗದ ಬರೆದೆ. ರುದ್ರಮ್ಮ ಒಳ್ಳೆಯವರೇ, ಅದನ್ನು ಈಗಲೂ ಹೇಳುತ್ತೇನೆ.

ಮೊದಲ ತಿಂಗಳುಗಳಲ್ಲಿ ಎಲ್ಲವೂ ತಿರುಗುಮುರುಗು. ನಮ್ಮಲ್ಲಿ ಕಟಕಟ ಮುರಿದು ತಿನ್ನುವ ರೊಟ್ಟಿ, ಇಲ್ಲಿ ಅಗಿಯದೆ ನುಂಗುವ ಮುದ್ದೆ. ನಾನು ಅಗಿದೆ, ರುದ್ರಮ್ಮನ ಮನೆಯವರೆಲ್ಲ ಊಟ ಬಿಟ್ಟು ನನ್ನನ್ನೇ ನೋಡಿದರು. ಈರುಳ್ಳಿ ಎನ್ನಲು ಬಾರದೆ ಅಂಗಡಿಯಲ್ಲಿ ಉಳ್ಳಾಗಡ್ಡಿ ಕೇಳಿದರೆ ಬೆಳ್ಳುಳ್ಳಿ ಕೊಟ್ಟರು. 'ಒಸಿ' ಅಂದರೆ ಸ್ವಲ್ಪ, 'ಐತೆ' ಅಂದರೆ ಅದ, ಇಷ್ಟು ಕಲಿಯುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಭಾನುವಾರ ಸಂಜೆ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತು ಹುಬ್ಬಳ್ಳಿ ಕಡೆ ಹೋಗುವ ಗಾಡಿ ನೋಡಿಕೊಂಡು ಬರುತ್ತಿದ್ದೆ. ಇಳಿಯುವವರು ಯಾರಾದರೂ ನಮ್ಮ ಕಡೆಯ ಮಾತಾಡಿದರೆ ಕಣ್ಣು ತುಂಬುತ್ತಿತ್ತು.

ಇಷ್ಟರಲ್ಲಿ ಬೆನ್ನು ಕೈಕೊಟ್ಟಿತು. ಕಚೇರಿಯ ಟೈಪ್‌ರೈಟರ್ ಕಬ್ಬಿಣದ ಮುದುಕ, ಒಂದೊಂದು ಅಕ್ಷರಕ್ಕೂ ಗುದ್ದಬೇಕು. ಕುರ್ಚಿಗೆ ಒಂದು ಕಾಲು ಗಿಡ್ಡ. ಡಾಕ್ಟರು ನೋಡಿ, "ಮಾತ್ರೆ ಎಷ್ಟು ದಿನ ನುಂಗ್ತೀರಿ, ಯೋಗ ಮಾಡಿ" ಅಂದರು. ಊರಿನ ಕಲ್ಯಾಣ ಮಂಟಪದಲ್ಲಿ ಯೋಗ ಶಿಬಿರವೂ ನಡೆಯುತ್ತಿತ್ತು. ಅದಕ್ಕೆ ಶುಲ್ಕ, ಬಿಳಿ ಬಟ್ಟೆ, ಸುರುಳಿ ಸುತ್ತುವ ಚಾಪೆ. ನನ್ನ ಸಂಬಳದಲ್ಲಿ ಅರ್ಧ ಅವ್ವನಿಗೆ ಮತ್ತು ತಮ್ಮನ ಓದಿಗೆ ಹೋಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನನಗೆ ಕಾಲು ಚಾಚುವುದನ್ನು ಕಲಿಯುವುದಕ್ಕೇ ಹಾಸಿಗೆ ಸಾಲದೆ ಬಂದಿತ್ತು.

ಬಸ್ ನಿಲ್ದಾಣದ ಬಳಿ ಹಳೆಯ ಪುಸ್ತಕ ಹರಡಿಕೊಂಡವನ ಹತ್ತಿರ ಒಂದು ಯೋಗದ ಪುಸ್ತಕ ಸಿಕ್ಕಿತು. ಅವ್ವ ಹಳೆ ಸೀರೆಗಳನ್ನು ಸೇರಿಸಿ ಹೊಲಿದುಕೊಟ್ಟಿದ್ದ ಕೌದಿಯನ್ನು ಅಟ್ಟದ ಕೆಳಗೆ ಹಾಸಿದೆ. ಅದು ಜಾರದಿರಲಿ ಎಂದು ಅಡಿಗೆ ಕೊಬ್ಬರಿ ತುಂಬುವ ಗೋಣಿಚೀಲ. ಖರ್ಚು ಅಲ್ಲಿಗೆ ಮುಗಿಯಿತು. ತೊಂದರೆ ಏನೆಂದರೆ ಪುಸ್ತಕದ ಹಾಳೆಗಳು ಅಲ್ಲಲ್ಲಿ ಹರಿದಿದ್ದವು. ಹಲಾಸನಕ್ಕೆ ಹೋಗುವುದು ಹೇಗೆ ಎಂಬ ಪುಟ ಇತ್ತು, ವಾಪಸ್ ಬರುವ ಪುಟ ಇರಲಿಲ್ಲ. ಕಾಲು ತಲೆಯ ಹಿಂದೆ ಹೋದವು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಪಕ್ಕಕ್ಕೆ ಉರುಳಿಬಿದ್ದೆ. ಮರುದಿನ ಕತ್ತು ಒಂದೇ ಕಡೆ ತಿರುಗಿಕೊಂಡೇ ಕಚೇರಿಗೆ ಹೋದೆ.

ಪಕ್ಕದ ಮೇಜಿನ ಗೌತಮಿ ಅದನ್ನು ನೋಡಿದಳು. ಕಾಗದಪತ್ರ ರವಾನೆ ಮಾಡುವ ಕೆಲಸ ಅವಳದು. ಅರಸೀಕೆರೆಯಲ್ಲೇ ಹುಟ್ಟಿದವಳು, ಅವಳ ಅಪ್ಪ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಊರಂಚಿನ ಕಾಲೋನಿಯ ದಲಿತ ಕುಟುಂಬ, ಮನೆಯಲ್ಲಿ ಬುದ್ಧನ ಪಟ. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ತಾರಸಿಯ ಮೇಲೆ ಹಳೆ ಪೇಪರ್ ಹಾಸಿಕೊಂಡು ಮೂರು ವರ್ಷ ಯೋಗ ಕಲಿತಿದ್ದಳು.

"ಏನೇ ಮಾದೇವಿ, ಕತ್ತು ಯಾಕೆ ಹಂಗೆ ಓರೆಯಾಗೈತೆ?"

ಹೇಳಿದೆ. ನಗುವನ್ನು ತಡೆದುಕೊಳ್ಳಲು ಅವಳು ಫೈಲನ್ನು ಮುಖಕ್ಕೆ ಅಡ್ಡ ಹಿಡಿದಳು. "ಪುಸ್ತಕ ಓದ್ಕೊಂಡು ಯಾರಾದ್ರೂ ಈಜು ಕಲೀತಾರೇನೇ? ಇದೂ ಹಂಗೇ. ನಾಳೆ ಬೆಳಗ್ಗೆ ನಾನೇ ಬತ್ತೀನಿ."

"ಫೀ ಎಷ್ಟು ತಗೋತಿಯವಾ?" ಅಂದೆ.

"ನಿಮ್ ಕಡೆ ಜೋಳದ ರೊಟ್ಟಿ ಮಾಡ್ಕೊಡು, ಸಾಕು."

ಅವಳ ಮನೆಯಲ್ಲಿ ಅಣ್ಣಂದಿರು, ಅತ್ತಿಗೆಯರು, ಮಕ್ಕಳು ತುಂಬಿದ್ದರು, ಕಾಲು ನೀಡಲು ಜಾಗವಿರಲಿಲ್ಲ. ಹಾಗಾಗಿ ನನ್ನ ಕೋಣೆಯೇ ಆಯಿತು. ಮೊದಲ ದಿನ ಮುಂಬಾಗಿಲಿನಲ್ಲಿ ಚಪ್ಪಲಿ ಬಿಟ್ಟವಳು ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು. ಒಳಗೆ ಬಂದ ಮೇಲೆ ಸಣ್ಣ ದನಿಯಲ್ಲಿ, "ಈ ಮನೆ ನಂಗೆ ಗೊತ್ತು ಕಣೇ. ಹಿತ್ಲು ಕಡೆಯಿಂದ ಗೊತ್ತು" ಅಂದಳು. ತಮಾಷೆ ಇರಬೇಕೆಂದು ನಾನು ನಕ್ಕೆ. ಅವಳವ್ವ ನಿಂಗಮ್ಮ ವರ್ಷಾನುಗಟ್ಟಲೆ ಆ ಹಿತ್ತಲಿನಲ್ಲಿ ಕೂತು ಚಿಪ್ಪು ಒಡೆದು ಕೊಬ್ಬರಿ ತೆಗೆದವಳೆಂದೂ, ಗೌತಮಿ ಚಿಕ್ಕವಳಿದ್ದಾಗ ಅವಳ ಪಕ್ಕದಲ್ಲಿ ಕೂತು ಶಾಲೆಯ ಪಾಠ ಬರೆಯುತ್ತಿದ್ದಳೆಂದೂ ನನಗೆ ತಿಳಿದದ್ದು ತಡವಾಗಿ. ಆ ದಿನ ಕೇಳಬಹುದಿತ್ತು, ಕೇಳಲಿಲ್ಲ.

ಅವಳು ಕಲಿಸುತ್ತಿದ್ದ ಬಗೆ ಬೇರೆ. ಮಾತು ಕಡಿಮೆ, ಕೈ ಹೆಚ್ಚು. ಬೆನ್ನಿನ ಕೆಳಗಿನ ಮೂಳೆಯ ಮೇಲೆ ಎರಡು ಬೆರಳಿಟ್ಟು, "ಇಲ್ಲಿಂದ ಉಸಿರು ತಗೋ" ಅನ್ನುತ್ತಿದ್ದಳು. ಭುಜ ಗಟ್ಟಿಯಾಗಿದ್ದರೆ ಅಂಗೈಯಿಂದ ಒತ್ತಿ ಕೆಳಗಿಳಿಸುತ್ತಿದ್ದಳು. ಅಪ್ಪ ಸತ್ತ ಮೇಲೆ ನನ್ನನ್ನು ಹಾಗೆ ಯಾರೂ ಮುಟ್ಟಿ ಮಾತಾಡಿಸಿರಲಿಲ್ಲ. ಒಂದು ದಿನ ಕಾರಣವೇ ಇಲ್ಲದೆ ಶವಾಸನದಲ್ಲಿ ಮಲಗಿ ಅತ್ತುಬಿಟ್ಟೆ. ಅವಳು ಪಕ್ಕದಲ್ಲೇ ಕೂತಿದ್ದಳು. ಎರಡು ತಿಂಗಳಿಗೆ ನೋವು ಇಳಿಯಿತು, ಭಾನುವಾರ ಸ್ಟೇಷನ್ನಿಗೆ ಹೋಗುವುದೂ ತಾನಾಗಿ ನಿಂತಿತು.

ರುದ್ರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಂದು ಬೆಳಿಗ್ಗೆ ಒಳಗೇ ಬಂದರು. "ನನ್ ಮಂಡಿ ಮೇಲೂ ಒಸಿ ಕೈ ಇಡವ್ವ, ಮೆಟ್ಲು ಹತ್ತಕ್ಕಾಗಲ್ಲ" ಅಂದರು. ಗೌತಮಿ ನನ್ನ ಕಡೆ ಒಮ್ಮೆ ನೋಡಿ, ಅವರ ಮಂಡಿ ಹಿಡಿದು ಮೆಲ್ಲಗೆ ನೀಡಿಸಿದಳು. ನಾನು ಅವಳನ್ನು "ನಮ್ಮ ಆಫೀಸಿನಾಕಿ" ಎಂದಷ್ಟೇ ಪರಿಚಯಿಸಿದ್ದೆ. ನೌಕರಿ, ಓದು, ಇಸ್ತ್ರಿ ಮಾಡಿದ ಸೀರೆ ನೋಡಿ ರುದ್ರಮ್ಮ ತಮ್ಮಷ್ಟಕ್ಕೆ ತಾವೇ ಏನೋ ಅಂದಾಜು ಮಾಡಿಕೊಂಡಿದ್ದರು. ಪಕ್ಕದ ಮನೆಯ ಶಾರದಕ್ಕನೂ ಬಂದು ಸೇರಿದರು. ಗೋಣಿಚೀಲಗಳು ನಾಲ್ಕಾದವು. "ಈ ಹುಡ್ಗಿ ಕೈಗುಣ ಚೆನ್ನಾಗೈತೆ" ಎಂದು ರುದ್ರಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಒಂದು ಭಾನುವಾರ ಗೌತಮಿ ನನ್ನನ್ನು ಬಸ್ಸಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋದಳು. ದೇವಸ್ಥಾನ ತೋರಿಸುವುದಕ್ಕಲ್ಲ. ಅಲ್ಲಿನ ಬಸದಿಯಲ್ಲಿ ನೆಟ್ಟಗೆ ನಿಂತ ದೊಡ್ಡ ಮೂರ್ತಿಯ ಮುಂದೆ ನಿಲ್ಲಿಸಿ, "ನೋಡು, ನಿಂತ್ಕೊಳ್ಳೋದು ಅಂದ್ರೆ ಇಷ್ಟೇ. ನೀನು ನಿಂತ್ರೆ ಯಾರೋ ಬಯ್ತಾರೇನೋ ಅನ್ನಂಗೆ ನಿಲ್ತೀಯ" ಅಂದಳು. ಹೊರಗೆ ಹುಲ್ಲಿನ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಒಂದೇ ಡಬ್ಬಿಯಲ್ಲಿ ಇಬ್ಬರ ಕೈ. ಈ ಊರಿನ ಕಡೆ ಬಂದದ್ದು ಒಳ್ಳೆಯದೇ ಆಯಿತು ಎಂದು ಮೊದಲ ಸಲ ಅನ್ನಿಸಿದ್ದು ಅಲ್ಲಿ.

ನಾನು ಬಂದು ಎಂಟನೆಯ ತಿಂಗಳು ನಡೆಯುತ್ತಿತ್ತು. ಶಾರದಕ್ಕ ಯಾವುದೋ ಕೆಲಸಕ್ಕೆ ಕಾಲೋನಿಯ ಕಡೆ ಹೋದವರು ಗೌತಮಿಯನ್ನು ಅವಳ ಮನೆಯ ಜಗಲಿಯಲ್ಲಿ ನಿಂಗಮ್ಮನ ಜೊತೆ ಕಂಡು ಬಂದರು. ಆ ಸಂಜೆ ರುದ್ರಮ್ಮ ನನ್ನ ಕೋಣೆಗೆ ಬಂದರು. ಕೈಯಲ್ಲಿ ಒಂದು ಬಟ್ಟಲು ಕಾಯಿ ಹೋಳಿಗೆ. ಕೂಗಾಡಲಿಲ್ಲ, ಮುಖ ಕೂಡ ಕೆಡಿಸಿಕೊಳ್ಳಲಿಲ್ಲ.

"ಆ ಹುಡ್ಗಿ ನಮ್ ನಿಂಗಮ್ಮನ ಮಗಳಂತಲ್ಲವ್ವ. ಒಳ್ಳೆ ಹುಡ್ಗಿ, ನಾನೇನೂ ಅನ್ನಲ್ಲ. ಆದ್ರೂ ನಡುಮನೆ, ಪಕ್ಕದಲ್ಲೇ ಪೂಜೆ. ನಾಳೆ ನೆಂಟರಿಷ್ಟರು ಕೇಳಿದ್ರೆ ನಾನೇನ್ ಹೇಳ್ಲಿ? ಅವಳ ಮನಸ್ಸು ನೋಯಿಸ್ಬ್ಯಾಡ. ಕಾಯಿ ಇಳಿಸ್ತಾವ್ರೆ, ಜಾಗ ಇಲ್ಲ ಅಂತ ಹೇಳ್ಬಿಡು. ನೀನು ನಮ್ಮೋಳು, ನಿಂಗೆ ಅರ್ಥ ಆಯ್ತದೆ."

ನಾನು "ಆತ್ರೀ ಅಮ್ಮ" ಅಂದೆ. ಇಷ್ಟು ವರ್ಷ ಆ ಎರಡು ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಮನೆ ಬಿಡಿಸುತ್ತಾರೆ ಎಂಬ ಭಯ ಇತ್ತು ಎಂದು ಹೇಳಿಕೊಳ್ಳಬಹುದು. ಆದರೆ ಅವರು ಹಾಗೆ ಹೆದರಿಸಿರಲಿಲ್ಲ. ಇನ್ನೊಂದು ಮನೆ ಹುಡುಕಬಹುದಿತ್ತು, ಇಬ್ಬರೂ ಸೇರಿ ಕೆರೆ ಏರಿಯ ಮೇಲೆ ಗೋಣಿ ಹಾಸಿಕೊಳ್ಳಬಹುದಿತ್ತು. ನನಗೆ ಬೇಕಾಗಿದ್ದದ್ದು 'ನಮ್ಮೋಳು' ಎಂಬ ಆ ಒಂದು ಮಾತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಹೋಳಿಗೆಯನ್ನೂ ತಿಂದೆ.

ಮರುದಿನ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಹೇಳಿದೆ. "ನಾಳಿಂದ ಕ್ಲಾಸು ಬ್ಯಾಡವಾ. ಅಟ್ಟದಾಗಿನ ಕಾಯಿ ಇಳಸ್ತಾರಂತ. ಕೋಣಿ ತುಂಬ ಗದ್ದಲ ಇರತದ."

ಗೌತಮಿ ಲಕೋಟೆಗೆ ಗೋಂದು ಹಚ್ಚುತ್ತಿದ್ದಳು. ಕೈ ನಿಂತಿತು.

"ನೀನು ಬರೋಕೆ ಒಂದ್ವಾರ ಮುಂಚೆ ಏರ್ಸಿದ ಕಾಯಿ ತಾನೇ? ನೀನೇ ಹೇಳಿದ್ದೆ."

ನಾನು ಊಟದ ಡಬ್ಬಿಯ ಮುಚ್ಚಳ ಹಾಕಿದೆ.

"ಮೊನ್ನೆ ಒಂದು ಕೆಳಕ್ಕೆ ಬಿದ್ದಿತ್ತಲ್ಲ, ಅಲ್ಲಾಡ್ಸಿ ನೋಡ್ದೆ. ಇನ್ನೂ ನೀರೈತೆ ಒಳಗೆ. ಈಗ ಯಾರೂ ಇಳ್ಸಲ್ಲ ಕಣೇ."

ಕೊಬ್ಬರಿ ತೆಗೆಯುವವಳ ಮಗಳಿಗೆ ನಾನು ಹೇಳಬಾರದ ಸುಳ್ಳು ಅದೊಂದೇ, ಅದನ್ನೇ ಹೇಳಿದ್ದೆ. ಜ್ವರ ಅನ್ನಬಹುದಿತ್ತು, ನೆಂಟರು ಬರುತ್ತಾರೆ ಅನ್ನಬಹುದಿತ್ತು. ರುದ್ರಮ್ಮನಿಗೂ ಅದು ಹೊಳೆಯಲಿಲ್ಲ, ಅಥವಾ ಹೊಳೆದೇ ಹೇಳಿಕೊಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೌತಮಿ ಸ್ವಲ್ಪ ಹೊತ್ತು ಕಾದಳು. ನಾನು ನಿಜ ಹೇಳಲಿ ಎಂದೇ ಕಾದಳು, ಅದು ನನಗೆ ಆಗಲೇ ತಿಳಿಯಿತು. ನಾನು ಟೈಪ್‌ರೈಟರಿಗೆ ಹಾಳೆ ಏರಿಸಿದೆ.

"ಆಗ್ಲಿ ಬಿಡು, ಇಳಿಸ್ಲಿ" ಎಂದು ಅವಳು ಲಕೋಟೆ ಅಂಟಿಸಿದಳು. ಅವತ್ತಿನಿಂದ ನಾನು ರೊಟ್ಟಿ ಮುಂದೆ ಹಿಡಿದಾಗಲೆಲ್ಲ ಅವಳ ಹೊಟ್ಟೆ ತುಂಬಿರುತ್ತಿತ್ತು.

ಇಲ್ಲಿಗೆ ಮುಗಿದಿದ್ದರೆ ನನ್ನ ತಪ್ಪು ಸಣ್ಣದಾಗಿರುತ್ತಿತ್ತೇನೋ. ಕ್ಲಾಸು ನಿಲ್ಲಲಿಲ್ಲ. ವಾರದ ಮೇಲೆ ರುದ್ರಮ್ಮ, "ನಿಂಗೂ ಬತ್ತದಲ್ಲವ್ವ, ನೀನೇ ಹೇಳ್ಕೊಡು" ಅಂದರು. ನಾನು ಹೇಳಿಕೊಟ್ಟೆ. ಗೌತಮಿಯ ಮಾತು, ಗೌತಮಿಯ ಕ್ರಮ, ಬೆನ್ನಿನ ಮೇಲೆ ಬೆರಳಿಡುವುದೂ ಅವಳದೇ. ಹೆಂಗಸರು ಹತ್ತು ಜನ ಆದರು. ನನ್ನನ್ನು ಯೋಗದ ಮೇಡಂ ಎಂದು ಕರೆದರು, ಮದುವೆಗಳಿಗೆ ಮೊದಲ ಪಂಕ್ತಿಗೆ ಕೂರಿಸಿದರು. ಮುದ್ದೆ ನುಂಗುವುದು ಬಂತು. ಆ ಸುಳ್ಳಿಗೆ ಮೂರು ತಿಂಗಳಾದ ಮೇಲೆ ನಿಜವಾಗಿಯೂ ಕಾಯಿ ಇಳಿಸಿದರು. ಕಾಲೋನಿಯಿಂದ ನಾಲ್ಕು ಹೆಂಗಸರು ಹಿತ್ತಲಿಗೆ ಬಂದು ಚಿಪ್ಪು ಒಡೆದರು. ಅವರು ಕೈಯಾರೆ ತೆಗೆದ ಉಂಡೆಯನ್ನು ರುದ್ರಮ್ಮ ತುರಿದು ಪೂಜೆಗೆ ಇಟ್ಟರು, ನನಗೂ ಪ್ರಸಾದ ಕೊಟ್ಟರು. ಆ ಕೈ ಕೊಬ್ಬರಿಗೆ ಆಗುತ್ತದೆ, ಮಂಡಿಗೆ ಆಗುವುದಿಲ್ಲ. ನಾನು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದೆ.

ಮುಂದಿನ ವರ್ಷ ಗೌತಮಿ ಕೇಳಿಕೊಂಡು ಬೇಲೂರಿಗೆ ವರ್ಗ ಮಾಡಿಸಿಕೊಂಡಳು. ಅವಳ ಬಿಡುಗಡೆಯ ಆದೇಶ ಟೈಪು ಮಾಡಿದ್ದು ನಾನೇ. ಮೂರು ಪ್ರತಿ, ಒಂದೂ ತಪ್ಪಿಲ್ಲದೆ.

ಐದಾರು ವರ್ಷ ಹೋದವು. ನನಗೆ ಬಡ್ತಿ ಬಂತು, ಕಚೇರಿಗೆ ಕಂಪ್ಯೂಟರ್ ಬಂತು. ಬೇಲೂರು ಬಸ್ಸಿಗೆ ಒಂದೂವರೆ ಗಂಟೆಯ ದಾರಿ, ಅಷ್ಟು ದೂರ ಹೋಗಲು ನನಗೆ ಅಷ್ಟು ವರ್ಷ ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹಳೇಬೀಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ನಾನು ಇಳಿಯಲಿಲ್ಲ.

ಗೌತಮಿ ಬೇಲೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಜಗಲಿಯಲ್ಲಿ ಯೋಗ ಹೇಳಿಕೊಡುತ್ತಾಳೆಂದು ಕಚೇರಿಯಲ್ಲಿ ಕೇಳಿದ್ದೆ. ಹೋದಾಗ ಮಕ್ಕಳು ಗೋಣಿಚೀಲ ಹಾಸುತ್ತಿದ್ದರು. ಅವಳಿಗೆ ಕನ್ನಡಕ ಬಂದಿತ್ತು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. "ಬಾ, ಕೂತ್ಕೋ" ಎಂದು ಮೆಟ್ಟಿಲು ತೋರಿಸಿ, ಅಡಿಗೆಯವಳಿಗೆ ಹೇಳಿ ಕಾಫಿ ತರಿಸಿದಳು. ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿಗೋ ಹೋದವು.

"ತಪ್ಪಾತು ಗೌತಮಿ. ಕಾಯಿ ಇಳಸ್ತಾರಂತ ಹೇಳಿದ್ದು ಸುಳ್ಳು."

"ಗೊತ್ತು."

"ರುದ್ರಮ್ಮಾರು ಹಂಗ ಹೇಳು ಅಂದಿದ್ರು."

ಅದನ್ನು ಹೇಳಿದ ಮೇಲೆ ಎಷ್ಟು ಹಗುರವಾದ ಮಾತು ಎಂದು ನನಗೇ ನಾಚಿಕೆಯಾಯಿತು. ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು. ಸಿಟ್ಟಿರಲಿಲ್ಲ.

"ಅಮ್ಮೋರದ್ದು ಬಿಡು. ಹುಟ್ಟಿದಾಗ್ಲಿಂದ ಅದೇ ಅಭ್ಯಾಸ, ಅವರ ಮೇಲೆ ನಂಗೆ ಬೇಜಾರೂ ಆಗ್ಲಿಲ್ಲ. ನೀನು ನಮ್ಮೂರಿಗೆ ಬಂದು ಎಂಟು ತಿಂಗ್ಳಾಗಿತ್ತು. ಮುದ್ದೆ ನುಂಗೋಕೂ ಬತ್ತಿರ್ಲಿಲ್ಲ. ಇದನ್ನ ಅಷ್ಟು ಬೇಗ ಹೆಂಗೆ ಕಲ್ತೆ?"

ಮಕ್ಕಳು ಸಾಲಾಗಿ ನಿಂತಿದ್ದರು. ಅವಳು ಉತ್ತರಕ್ಕೆ ಕಾಯಲಿಲ್ಲ, ಎದ್ದು ಹೋಗಿ ಒಬ್ಬ ಹುಡುಗಿಯ ಭುಜ ಸರಿ ಮಾಡಿದಳು. ನನ್ನನ್ನು ಹೋಗು ಎನ್ನಲಿಲ್ಲ, ಬಂದು ನಿಲ್ಲು ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಬಸ್ ನಿಲ್ದಾಣಕ್ಕೆ ನಡೆದೆ.

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಅವಳಿಗೆ ಹೇಳಲಾಗಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಾನದನ್ನು ಅರಸೀಕೆರೆಯಲ್ಲಿ ಕಲಿಯಲಿಲ್ಲ. ಸಿಂದಗಿಯ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ, ಊರ ಹೊರಗಿನ ಕೇರಿಯ ಯಲ್ಲವ್ವ ಒಂದು ಮಧ್ಯಾಹ್ನ ಲೆಕ್ಕದ ಪುಸ್ತಕ ಕೇಳಲು ನಮ್ಮ ಮನೆಗೆ ಬಂದಿದ್ದಳು. ಅವ್ವ ನನ್ನನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಿ ಕಳಿಸಿದಳು. ನಾನು ಬಾಗಿಲಿಗೆ ಅಡ್ಡ ನಿಂತು, "ಅವ್ವ ಮಲಗ್ಯಾಳ, ಆಮ್ಯಾಲೆ ಬಾ" ಅಂದೆ. ಅಷ್ಟರಲ್ಲಿ ಒಳಗೆ ಅವ್ವ ಮತ್ತೆ ರೊಟ್ಟಿ ಬಡಿಯಲು ಶುರು ಮಾಡಿದ್ದಳು. ಆ ಸದ್ದು ಬೀದಿಯ ತನಕ ಕೇಳುತ್ತಿತ್ತು. ಯಲ್ಲವ್ವ ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡು ಹೋದಳು.

ಇಲ್ಲಿಯವರು ನನ್ನನ್ನು ಈಗಲೂ ಬಿಜಾಪುರದ ಕಡೆಯವಳು ಅನ್ನುತ್ತಾರೆ, ಅಲ್ಲಿಗೆ ಬಂದರೆ ನೀವು ಅರಸೀಕೆರೆಯಾಕಿ ಅನ್ನುತ್ತೀರಿ. ಮಾತು ಬೇರೆ, ಊಟ ಬೇರೆ, ಮಣ್ಣಿನ ಬಣ್ಣ ಬೇರೆ ಎಂದು ಎರಡೂ ಕಡೆ ತಮಾಷೆ ಮಾಡುತ್ತಾ ಇಷ್ಟು ವರ್ಷ ಕಳೆದೆ. ಬೇರೆಯಲ್ಲದ್ದು ಒಂದಿತ್ತು, ಅದರಿಂದಲೇ ನನಗೆ ಇಲ್ಲಿ ಮನೆ ಸಿಕ್ಕಿತು. ಹುಟ್ಟಿದ ಊರಿನಲ್ಲಿ ಗೌತಮಿಗೆ ಸಿಗದ ಜಾಗದಲ್ಲಿ ನಾನು ಇವತ್ತಿಗೂ ಬಾಡಿಗೆಗೆ ಇದ್ದೇನೆ.